ಕೇಳಿ ಕೊಂಡ ಮನೆ

1998ರಲ್ಲಿ ಅಪ್ಪ ಹಾಸನದಲ್ಲಿ ಮನೆ ಕೊಂಡಾಗ ಎರಡೇ ಪ್ರಶ್ನೆ ಕೇಳಿದ್ದರು. ನೀರು ಬರುತ್ತಾ? ಪತ್ರ ಸರಿಯಾಗಿದೆಯಾ? ಮಾರಿದವರು ಪರಿಚಯದವರು. ಜಾಸ್ತಿ ಕೇಳಿದರೆ ಅನುಮಾನ ಪಟ್ಟ ಹಾಗಾಗುತ್ತೆ ಅಂತ ಅಪ್ಪನ ಸಂಕೋಚ. ಆ ವರ್ಷದ ಆಷಾಢದ ಮಳೆಗೆ ನಡುಮನೆಯ ಒಂದು ಗೋಡೆ ಪೂರ್ತಿ ಒದ್ದೆಯಾಯಿತು. ಮುಂದಿನ ವರ್ಷವೂ ಆಯಿತು. ನಾನು ಮದುವೆಯಾಗಿ ಹೊರಡುವವರೆಗೂ ಪ್ರತಿ ಮಳೆಗಾಲ ಆ ಗೋಡೆ ಪಕ್ಕದ ಬೀರು ಒಂದಡಿ ಮುಂದಕ್ಕೆ ಬರುತ್ತಿತ್ತು. ಅಪ್ಪ ಮಾರಿದವರ ಹತ್ತಿರ ಆ ಮಾತು ಎತ್ತಲೇ ಇಲ್ಲ. ಮದುವೆ ಮುಂಜಿಯಲ್ಲಿ ಸಿಕ್ಕರೆ ಚೆನ್ನಾಗಿದ್ದೀರಾ ಅಂತ ಕೇಳಿ, ಪಕ್ಕದಲ್ಲೇ ಊಟಕ್ಕೆ ಕೂರುತ್ತಿದ್ದರು.

ನಾವು 2024ರ ಜೂನ್‌ನಲ್ಲಿ ನೆದರ್‌ಲೆಂಡ್ಸ್‌ನ ಕ್ಯೂಲೆಂಬೊರ್ಗ್ ಎಂಬ ಚಿಕ್ಕ ಊರಿನಲ್ಲಿ ಮನೆ ಕೊಂಡೆವು. ನಾನು 41 ಪ್ರಶ್ನೆ ಕೇಳಿದೆ. ಮಗಳ ಹಳೇ ನೋಟ್‌ಬುಕ್ಕಿನ ಕೊನೆಯ ಪುಟಗಳಲ್ಲಿ ಬರೆದಿಟ್ಟಿದ್ದೇನೆ, ಒಂದೊಂದರ ಕೆಳಗೂ ಉತ್ತರ ಇದೆ. ಇಲ್ಲಿ ಮನೆ ಹುಡುಕುತ್ತಿರುವ ನಮ್ಮವರು ಎಷ್ಟೋ ಜನ ಇದ್ದಾರೆ. ಅವರಿಗೆ ಉಪಯೋಗ ಆಗಲಿ ಅಂತ ಈಗ ಕೂತು ಬರೆಯುತ್ತಿದ್ದೇನೆ.

ಮೊದಲು ಊರಿನ ವಿಷಯ. ನನ್ನ ಕೆಲಸ ಉಟ್ರೆಕ್ಟ್‌ನಲ್ಲಿ, ಇವರದ್ದು ಡೆನ್ ಬಾಸ್‌ನಲ್ಲಿ. ಎರಡರ ನಡುವಿನ ರೈಲು ದಾರಿಯಲ್ಲಿ ಕ್ಯೂಲೆಂಬೊರ್ಗ್ ಸಿಗುತ್ತದೆ. ಉಟ್ರೆಕ್ಟ್‌ಗೆ ಸುಮಾರು 20 ನಿಮಿಷ. ಊರು ಬರುವ ಮೊದಲು ರೈಲು ಲೆಕ್ ನದಿಯನ್ನು ದಾಟುತ್ತದೆ. 1868ರಲ್ಲಿ ಇಲ್ಲಿ ಕಟ್ಟಿದ ಕಬ್ಬಿಣದ ಸೇತುವೆ ಆ ಕಾಲಕ್ಕೆ ಯೂರೋಪಿನಲ್ಲೇ ಹೆಸರಾಗಿತ್ತು, ಎರಡು ಕಂಬಗಳ ನಡುವೆ 150 ಮೀಟರ್‌ಗೂ ಜಾಸ್ತಿ ಅಂತರ. ಈಗಿರುವುದು ಆಮೇಲಿನ ಸೇತುವೆ. ಊರಿನ ಜನಸಂಖ್ಯೆ ಸುಮಾರು 30 ಸಾವಿರ. ಆದರೆ 1318ರಲ್ಲೇ ಪಟ್ಟಣದ ಹಕ್ಕು ಪಡೆದ ಊರು. ಹಳೇ ಕೋಟೆ ಬಾಗಿಲೊಂದು ಇನ್ನೂ ನಿಂತಿದೆ. ರಾತ್ರಿ ಹತ್ತರ ಹೊತ್ತಿಗೆ ಅದರ ಗಂಟೆ ಬಾರಿಸುತ್ತಾರೆ. ಅದಕ್ಕೆ ಪಾಪ್‌ಕ್ಲೋಕ್ ಅಂತ ಹೆಸರು, ಅಂದರೆ ಗಂಜಿ ಗಂಟೆ. ಸುತ್ತ ಪೇರು (ಸೀಬೆಯಲ್ಲ, ಪಿಯರ್ ಹಣ್ಣು), ಸೇಬು, ಚೆರಿ ತೋಟಗಳು. ಮೊದಲ ಸಲ ಊರು ನೋಡಲು ಬಂದಾಗ ಗಾಳಿಯಲ್ಲಿ ತೋಟದ ವಾಸನೆ ಇತ್ತು. ಅಷ್ಟಕ್ಕೇ ನನ್ನ ಮನಸ್ಸು ಅರ್ಧ ಒಪ್ಪಿಬಿಟ್ಟಿತ್ತು.

ಅದಕ್ಕೆ ಮುಂಚೆ ಬೇರೆ ಊರಿನಲ್ಲಿ ಒಂದು ಮನೆ ಕೈತಪ್ಪಿತ್ತು. ಇಲ್ಲಿ ಮಾರಾಟದ ಮನೆಗಳಲ್ಲಿ ಹೆಚ್ಚಿನವು ಫುಂಡಾ ಎಂಬ ವೆಬ್‌ಸೈಟಿನಲ್ಲಿ ಬರುತ್ತವೆ. ನೋಡಲು ಒಂದು ಸಮಯ ಕೊಡುತ್ತಾರೆ. ನಮಗೆ ಸಿಕ್ಕಿದ್ದು 15 ನಿಮಿಷ. ಒಳಗೆ ಹೋಗುವಾಗ ಒಂದು ಕುಟುಂಬ ಹೊರಗೆ ಬರುತ್ತಿತ್ತು. ನಾವು ಹೊರಗೆ ಬರುವಾಗ ಇನ್ನೊಂದು ಕುಟುಂಬ ಬಾಗಿಲಲ್ಲಿ ನಿಂತಿತ್ತು. ಆ ಗಡಿಬಿಡಿಯಲ್ಲಿ ನಾನು ಏನೂ ಕೇಳಲಿಲ್ಲ. ಅಡುಗೆಮನೆ ಚೆನ್ನಾಗಿದೆ ಅಂದೆ, ಅಷ್ಟೇ. ಎಲ್ಲರೂ ಮುಚ್ಚಿದ ಲಕೋಟೆಯಂತೆ ತಮ್ಮ ತಮ್ಮ ಬೆಲೆ ಕಳಿಸಬೇಕು. ಬೇರೆಯವರು ಎಷ್ಟು ಹೇಳಿದರು ಅಂತ ಗೊತ್ತಾಗುವುದಿಲ್ಲ. ಅವರು ಕೇಳಿದ ಬೆಲೆಗಿಂತ ನಾವು 20 ಸಾವಿರ ಯೂರೊ ಮೇಲೆ ಹೇಳಿದೆವು. ಸಿಗಲಿಲ್ಲ. ಆ ರಾತ್ರಿ ನಾನು ಅತ್ತುಬಿಟ್ಟೆ. ಆಮೇಲೆ ಯೋಚಿಸಿದಾಗ ಭಯವೂ ಆಯಿತು. ಸಿಕ್ಕಿದ್ದರೆ ಏನನ್ನು ಕೊಂಡಿರುತ್ತಿದ್ದೆವು ಅಂತ ನಮಗೇ ಗೊತ್ತಿರಲಿಲ್ಲ, ಅಲ್ವಾ?

ಅದಾದ ಮೇಲೆ ನಮ್ಮ ಪರವಾಗಿ ಒಬ್ಬ ಮಾಕೆಲಾರ್‌ರನ್ನು ಹಿಡಿದೆವು. ಮಾಕೆಲಾರ್ ಅಂದರೆ ದಲ್ಲಾಳಿ. ಆದರೆ ನಮ್ಮ ಊರಿನ ಬ್ರೋಕರ್ ತರಹ ಎರಡೂ ಕಡೆಯಿಂದ ಕಮಿಷನ್ ತೆಗೆದುಕೊಳ್ಳುವುದಿಲ್ಲ. ಮಾರುವವರಿಗೆ ಒಬ್ಬರು, ಕೊಳ್ಳುವವರಿಗೆ ಬೇಕಾದರೆ ಇನ್ನೊಬ್ಬರು. ಆತ ಮೊದಲ ದಿನವೇ ಹೇಳಿದ ಮಾತು ನನ್ನನ್ನು ಬದಲಾಯಿಸಿತು. ಇಲ್ಲಿನ ಕಾನೂನಿನಲ್ಲಿ ಮಾರುವವರಿಗೆ ಒಂದು ಹೊಣೆ ಇದೆ, ತಮಗೆ ಗೊತ್ತಿರುವ ದೋಷಗಳನ್ನು ಹೇಳಬೇಕು. ಕೊಳ್ಳುವವರಿಗೂ ಒಂದು ಹೊಣೆ ಇದೆ, ಹುಡುಕಬೇಕು, ಕೇಳಬೇಕು. ಕೇಳಿದ್ದರೆ ಗೊತ್ತಾಗುತ್ತಿತ್ತು ಅನ್ನುವಂಥ ವಿಷಯವನ್ನು ಕೇಳದೆ ಬಿಟ್ಟರೆ, ಆಮೇಲೆ ದೂರುವುದು ಕಷ್ಟ. ಕೇಳುವುದು ಮರ್ಯಾದೆಗೇಡು ಅಂತ ಬೆಳೆದವಳು ನಾನು. ಇಲ್ಲಿ ಕೇಳದಿರುವುದೇ ತಪ್ಪು. ಅವತ್ತೇ ನೋಟ್‌ಬುಕ್ ತೆಗೆದೆ.

2024ರ ಮಾರ್ಚ್‌ನಲ್ಲಿ ಈ ಮನೆ ನೋಡಿದೆವು. 1974ರಲ್ಲಿ ಕಟ್ಟಿದ ಸಾಲುಮನೆ. ಡಚ್ಚರು ಇದಕ್ಕೆ ರೈತ್ಯೆಸ್‌ಹೌಸ್ ಅನ್ನುತ್ತಾರೆ. ಎಂಟು ಮನೆಗಳ ಸಾಲು, ನಮ್ಮದು ನಡುವಿನದು. ಜಾಗ 140 ಚದರ ಮೀಟರ್. ಸೈಟ್ ಲೆಕ್ಕದಲ್ಲಿ 30-40ಕ್ಕಿಂತ ಸ್ವಲ್ಪ ದೊಡ್ಡದು. ಆದರೆ ಅಗಲ 18 ಅಡಿಯೂ ಇಲ್ಲ, ಉದ್ದ 85 ಅಡಿ. ಮುಂದೆ ಪುಟ್ಟ ಅಂಗಳ, ಆಮೇಲೆ ಮನೆ, ಹಿಂದೆ ತೋಟ, ತೋಟದ ಕೊನೆಯಲ್ಲಿ ಸೈಕಲ್ ಇಡುವ ಶೆಡ್, ಅದರ ಹಿಂದೆ ಎಲ್ಲ ಮನೆಗಳಿಗೂ ಸೇರಿದ ಓಣಿ. ನಡುಮನೆಗೆ ಮುಂದೊಂದು ದೊಡ್ಡ ಕಿಟಕಿ, ಹಿಂದೊಂದು ದೊಡ್ಡ ಕಿಟಕಿ. ಬೆಳಗಿನ ಬಿಸಿಲು ಒಂದು ಕಡೆಯಿಂದ, ಸಂಜೆ ಬಿಸಿಲು ಇನ್ನೊಂದು ಕಡೆಯಿಂದ. ಈ ದೇಶದ ಚಳಿಗಾಲ ಕಂಡವರಿಗೆ ಅದರ ಬೆಲೆ ಗೊತ್ತು.

ಫೋಟೊ ಕಳಿಸಿದಾಗ ಅಪ್ಪನಿಗೆ ಸಮಾಧಾನ ಆಗಲಿಲ್ಲ. "ಎರಡು ಕಡೆ ಗೋಡೆ ಪಕ್ಕದವರದ್ದು. ಇದು ಸ್ವಂತ ಮನೆ ಹೇಗಾಗುತ್ತಮ್ಮ?" ಅಂದರು. ಆಮೇಲೆ ಅವರ ಅದೇ ಹಳೇ ಪ್ರಶ್ನೆ: "ನೀರು ಬರುತ್ತಾ?"

ಅಪ್ಪ ಕೇಳಿದ್ದು ನಲ್ಲಿ ನೀರು. ನನ್ನ ನೋಟ್‌ಬುಕ್ಕಿನಲ್ಲೂ ಅದೇ ಮೊದಲ ಪ್ರಶ್ನೆ, ಆದರೆ ನಾನು ಕೇಳಿದ್ದು ನದಿ ನೀರು. ಲೆಕ್ ಅಂದರೆ ರೈನ್ ನದಿಯ ಒಂದು ಕವಲು. ಮಳೆ ಜೋರಾದಾಗ ನದಿಯ ಮಟ್ಟ ಊರಿನ ನೆಲಕ್ಕಿಂತ ಮೇಲಿರುತ್ತದೆ, ನಡುವೆ ಇರುವುದು ಮಣ್ಣಿನ ಕಟ್ಟೆ. ಮನೆ ಮಾರುತ್ತಿದ್ದವರು 81 ವರ್ಷದ ಅಜ್ಜಿ. ಸಾಮಾನ್ಯವಾಗಿ ಮಾರುವವರು ಎದುರಿಗೆ ಸಿಗುವುದಿಲ್ಲ. ಎರಡನೇ ಸಲ ನೋಡಲು ಹೋದಾಗ ಅವರೇ ಮನೆಯಲ್ಲಿದ್ದರು, ಕಾಫಿ ಕೊಟ್ಟರು. 1995ರ ಚಳಿಗಾಲದ ಕಥೆ ಹೇಳಿದರು. ನದಿಗಳು ಉಕ್ಕಿ, ಈ ಸೀಮೆಯಿಂದ ಸುಮಾರು 2.5 ಲಕ್ಷ ಜನರನ್ನು, ದನಕರುಗಳನ್ನು ಬೇರೆ ಕಡೆ ಸಾಗಿಸಿದ್ದರು. ಅಜ್ಜಿ ತಮ್ಮ ಫೋಟೊ ಆಲ್ಬಂಗಳನ್ನೆಲ್ಲ ಅಟ್ಟಕ್ಕೆ ಹೊತ್ತರಂತೆ. ಕಟ್ಟೆ ತಡೆದುಕೊಂಡಿತು. ಆಮೇಲೆ ಸರ್ಕಾರ ನದಿ ಕಟ್ಟೆಗಳನ್ನು ಬಲಪಡಿಸಿತು, ಎಷ್ಟೋ ಕಡೆ ನದಿಗೆ ಹರಡಿಕೊಳ್ಳಲು ಜಾಗವನ್ನೂ ಬಿಟ್ಟುಕೊಟ್ಟಿತು. ಇದನ್ನೂ ತಿಳಿದುಕೊಳ್ಳಿ: ದೊಡ್ಡ ನದಿಯ ಕಟ್ಟೆ ಒಡೆದು ನೀರು ನುಗ್ಗಿದರೆ ಇಲ್ಲಿನ ಮನೆ ವಿಮೆ ಸಾಮಾನ್ಯವಾಗಿ ದುಡ್ಡು ಕೊಡುವುದಿಲ್ಲ. ಗೊತ್ತಿದ್ದೇ ಕೊಂಡೆವು.

ಅಜ್ಜಿ ತುಂಬಿಕೊಟ್ಟ ಪ್ರಶ್ನಾವಳಿಯ ಬಗ್ಗೆ ಹೇಳಲೇಬೇಕು. ಮಾರುವವರು ಪುಟಗಟ್ಟಲೆ ಪ್ರಶ್ನೆಗಳಿಗೆ ಉತ್ತರ ಬರೆದು ಸಹಿ ಹಾಕಿ ಕೊಡುತ್ತಾರೆ. ಛಾವಣಿ ಸೋರಿದ್ದುಂಟಾ? ಬಾಯ್ಲರ್ ಯಾವ ವರ್ಷದ್ದು? ನೆಲದ ಕೆಳಗೆ ತೇವ ಇದೆಯಾ? ಬೇಲಿ ಯಾರದ್ದು? ಅಜ್ಜಿ ನೀಲಿ ಪೆನ್ನಿನಲ್ಲಿ ಒಂದೊಂದಕ್ಕೂ ದುಂಡಗೆ ಬರೆದಿದ್ದರು. 2011ರಲ್ಲಿ ಚಿಮಣಿ ಪಕ್ಕ ಸೋರಿತ್ತು, ರಿಪೇರಿ ಆಗಿದೆ. ಬಚ್ಚಲಿನ ಫ್ಯಾನ್ ಸದ್ದು ಮಾಡುತ್ತದೆ. ಅಕ್ಕಪಕ್ಕದವರಿಂದ ಏನಾದರೂ ತೊಂದರೆ ಇದೆಯಾ ಅನ್ನುವ ಕಡೆ ಹೀಗೆ ಬರೆದಿದ್ದರು: "ಬುಧವಾರ ಮಧ್ಯಾಹ್ನ ಎಡಗಡೆ ಮನೆಯ ಪಿಯಾನೊ ಕೇಳಿಸುತ್ತದೆ. ನನಗೆ ಇಷ್ಟ." ಅದನ್ನು ಓದಿದ ಮೇಲೆ ಈ ಕಾಗದದಲ್ಲಿ ಒಂದೂ ಸುಳ್ಳಿಲ್ಲ ಅಂತ ನನಗೆ ಧೈರ್ಯ ಬಂತು.

ಇನ್ನೊಂದು ಪಟ್ಟಿಯೂ ಇರುತ್ತದೆ. ಏನನ್ನು ಬಿಟ್ಟು ಹೋಗುತ್ತಾರೆ, ಏನನ್ನು ತೆಗೆದುಕೊಂಡು ಹೋಗುತ್ತಾರೆ ಅಂತ. ಪರದೆ, ದೀಪ, ಒಲೆ, ಅಂಚೆ ಡಬ್ಬಿ, ಕೊನೆಗೆ ನೆಲಕ್ಕೆ ಹಾಸಿದ ಮರದ ಹಲಗೆ ಸಮೇತ ಒಂದೊಂದಕ್ಕೂ ಗುರುತು ಹಾಕಬೇಕು. ಇಲ್ಲಿ ನೆಲಹಾಸನ್ನೂ ಕಿತ್ತುಕೊಂಡು ಹೋಗುವವರಿದ್ದಾರೆ, ಅದಕ್ಕೇ ಕೇಳಿ ಅನ್ನುತ್ತಿರುವುದು. ಅಜ್ಜಿಯ ಪಟ್ಟಿಯಲ್ಲಿ ಕೊನೆಗೆ ಒಂದು ಸಾಲು ಸೇರಿಸಿದ್ದರು. ಪೇರು ಮರ ಇಲ್ಲೇ ಇರುತ್ತದೆ.

ದುಡ್ಡಿನ ಲೆಕ್ಕ ಬಿಚ್ಚಿ ಹೇಳುತ್ತೇನೆ. ನನಗೆ ಯಾರೂ ಹೀಗೆ ಹೇಳಿರಲಿಲ್ಲ. ಅವರು ಕೇಳಿದ ಬೆಲೆ 3,65,000 ಯೂರೊ. ನಾವು ಹೇಳಿದ್ದು 3,86,000. ಒಪ್ಪಿದರು. ನಮ್ಮ ಊರಿನಲ್ಲಿ ಬ್ಯಾಂಕು ಪೂರ್ತಿ ಬೆಲೆಗೆ ಸಾಲ ಕೊಡುವುದಿಲ್ಲ. ಇಲ್ಲಿ ಮನೆಯ ಮೌಲ್ಯದ 100%ವರೆಗೂ ಕೊಡುತ್ತಾರೆ. ಆದರೆ ಮೌಲ್ಯ ಅಂದರೆ ನಾವು ಹೇಳಿದ ಬೆಲೆ ಅಲ್ಲ, ಮೌಲ್ಯಮಾಪಕರು ಬಂದು ನೋಡಿ ಬರೆದ ಬೆಲೆ. ಅವರು ಬರೆದದ್ದು 3,80,000. ಮೇಲಿನ 6,000 ನಮ್ಮ ಉಳಿತಾಯದಿಂದ ಹೋಯಿತು. ಎಷ್ಟೋ ಜನ ಎಡವುವುದು ಇಲ್ಲೇ. ಜೋಶ್‌ನಲ್ಲಿ 40-50 ಸಾವಿರ ಏರಿಸಿಬಿಡುತ್ತಾರೆ. ಅಷ್ಟನ್ನೂ ಕೈಯಿಂದ ಕಟ್ಟಬೇಕಾಗಬಹುದು ಅಂತ ಆಮೇಲೆ ಗೊತ್ತಾಗುತ್ತದೆ.

ಮನೆ ವರ್ಗಾವಣೆಗೆ ತೆರಿಗೆ 2%, ಸ್ವಂತ ವಾಸಕ್ಕಾದರೆ. 35 ತುಂಬದವರಿಗೆ ಒಂದು ಸಲದ ಮಟ್ಟಿಗೆ ಅದೂ ಇಲ್ಲ, ಮನೆ ಬೆಲೆ ಒಂದು ಮಿತಿಯೊಳಗಿದ್ದರೆ. 2024ರಲ್ಲಿ ಆ ಮಿತಿ 5,10,000 ಯೂರೊ. ನನಗೆ ಆಗ 34, ಇವರಿಗೆ 37. ನನ್ನ ಅರ್ಧಕ್ಕೆ ತೆರಿಗೆ ಇಲ್ಲ, ಇವರ ಅರ್ಧಕ್ಕೆ 3,860 ಯೂರೊ. ನೊಟಾರಿಸ್, ಅಂದರೆ ಮನೆ ಪತ್ರ ಮಾಡಿಕೊಡುವ ಕಾನೂನು ಅಧಿಕಾರಿ, ಅವರ ಹತ್ತಿರ ಸಹಿ ಹಾಕುವ ದಿನದ ವಯಸ್ಸು ಲೆಕ್ಕಕ್ಕೆ ಬರುತ್ತದೆ. ಹುಟ್ಟಿದ ದಿನ ಹತ್ತಿರ ಇದ್ದರೆ ದಿನಾಂಕ ನೋಡಿಕೊಳ್ಳಿ. ಸಾಲಕ್ಕೆ ಎನ್‌ಎಚ್‌ಜಿ ಅನ್ನುವ ರಾಷ್ಟ್ರೀಯ ಖಾತರಿ ತೆಗೆದುಕೊಂಡೆವು. ಆ ವರ್ಷ 4,35,000 ಯೂರೊವರೆಗಿನ ಮನೆಗೆ ಸಿಗುತ್ತಿತ್ತು. ಸಾಲದ 0.6%, ನಮಗೆ 2,280 ಯೂರೊ ಆಯಿತು. ಕೆಲಸ ಹೋಗಿಯೋ, ಇಬ್ಬರಲ್ಲಿ ಒಬ್ಬರಿಗೆ ಏನಾದರೂ ಆಗಿಯೋ ಮನೆಯನ್ನು ನಷ್ಟಕ್ಕೆ ಮಾರಬೇಕಾಗಿ ಬಂದರೆ, ಷರತ್ತುಗಳ ಪ್ರಕಾರ ಉಳಿದ ಸಾಲವನ್ನು ಆ ನಿಧಿ ನೋಡಿಕೊಳ್ಳುತ್ತದೆ. ಬಡ್ಡಿಯೂ ಸ್ವಲ್ಪ ಕಡಿಮೆ. ಪರದೇಶದಲ್ಲಿ ಇಬ್ಬರೇ ಇರುವ ಸಂಸಾರಕ್ಕೆ ಅದು ದೊಡ್ಡ ನೆಮ್ಮದಿ.

ಬಾಯಿಮಾತಿನ ಒಪ್ಪಂದಕ್ಕೆ ಇಲ್ಲಿ ಬೆಲೆ ಇಲ್ಲ. ಬರಹದಲ್ಲಿ ಸಹಿ ಆಗಬೇಕು. ಸಹಿ ಆದ ಕಾಗದ ಕೈಗೆ ಬಂದ ಮೇಲೆ ಕೊಳ್ಳುವವರಿಗೆ ಮೂರು ದಿನ ಯೋಚಿಸಲು ಬಿಡುತ್ತಾರೆ. ಆ ಮೂರು ದಿನದಲ್ಲಿ ಯಾವ ಕಾರಣವನ್ನೂ ಹೇಳದೆ ಬೇಡ ಅನ್ನಬಹುದು. ಮಾರುವವರಿಗೆ ಆ ಅವಕಾಶ ಇಲ್ಲ. ನಾವು ಸಾಲ ಸಿಗದಿದ್ದರೆ, ಮನೆ ಪರೀಕ್ಷೆಯಲ್ಲಿ ದೊಡ್ಡ ಖರ್ಚು ಕಂಡರೆ ಹಿಂದೆ ಸರಿಯುತ್ತೇವೆ ಅಂತಲೂ ಬರೆಸಿದ್ದೆವು. ಬೇಗ ಮನೆ ಸಿಗಲಿ ಅಂತ ಈ ಷರತ್ತುಗಳನ್ನು ಬಿಟ್ಟುಕೊಡುವವರು ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆಮೇಲೆ ಹಿಂದೆ ಸರಿದರೆ ಸಾಮಾನ್ಯವಾಗಿ ಬೆಲೆಯ 10% ದಂಡ.

ಪರೀಕ್ಷೆಗೆ ಬಂದವರು ಮೊದಲು ಮಾಡಿದ ಕೆಲಸ, ಬಾಗಿಲ ಹತ್ತಿರದ ನೆಲದ ಹಲಗೆ ಎತ್ತಿ ಕೆಳಗೆ ಇಳಿದದ್ದು. ಇಲ್ಲಿನ ಹಳೇ ಮನೆಗಳ ನೆಲದ ಕೆಳಗೆ ತೆವಳಿಕೊಂಡು ಹೋಗುವಷ್ಟು ಜಾಗ ಇರುತ್ತದೆ, ಕ್ರೌಪ್‌ರೌಮ್ಟೆ ಅಂತಾರೆ. ನಾನು ಟಾರ್ಚ್ ಹಿಡಿದು ಮೇಲೆ ಕೂತೆ. ಮರಳು ತೇವವಾಗಿದೆ, ನೀರು ನಿಂತಿಲ್ಲ ಅಂದರು. ಗೋಡೆಗೆ ತೇವ ಏರಿದೆಯಾ ಅಂತ ಕೇಳಿದೆ. ಇಲ್ಲ ಅಂದರು. ಖಂಡಿತವಾ ಅಂತ ಮತ್ತೆ ಕೇಳಿದೆ. ಅವರು ತೇವ ಅಳೆಯುವ ಉಪಕರಣ ತೆಗೆದು, ಒಂದೊಂದು ಗೋಡೆಗೂ ಒತ್ತಿ, ಅಂಕಿ ತೋರಿಸಿದರು. ಬೇಜಾರು ಮಾಡಿಕೊಳ್ಳಲಿಲ್ಲ. ನನಗೆ ಆ ಕ್ಷಣ ಹಾಸನದ ಬೀರು ಕಣ್ಣ ಮುಂದೆ ಬಂತು.

ಶೆಡ್ ಛಾವಣಿ ನೋಡಿ ಅವರು ತಲೆ ಆಡಿಸಿದರು. ಬೂದು ಬಣ್ಣದ ಅಲೆಅಲೆ ಶೀಟು. ಆಸ್ಬೆಸ್ಟಾಸ್. ಈ ದೇಶದಲ್ಲಿ 1993ರಲ್ಲೇ ಅದನ್ನು ನಿಷೇಧಿಸಿದ್ದಾರೆ. ಅದಕ್ಕಿಂತ ಹಳೇ ಮನೆಗಳ ಪತ್ರದಲ್ಲಿ ಆಸ್ಬೆಸ್ಟಾಸ್ ಇರಬಹುದು, ಅದಕ್ಕೆ ಮಾರುವವರು ಹೊಣೆಯಲ್ಲ ಅಂತ ಒಂದು ಷರತ್ತು ಸೇರಿಸುತ್ತಾರೆ. ನಮ್ಮ ಹಾಸನದ ಮನೆಯ ಹಿತ್ತಲಲ್ಲಿ ಬಚ್ಚಲಿಗೆ ಇದೇ ಶೀಟು ಇತ್ತು. ಅದರ ಮೇಲೆ ಸಂಡಿಗೆ ಒಣಗಿಸುತ್ತಿದ್ದೆವು. ಮುರಿದ ಚೂರುಗಳಲ್ಲಿ ಕುಂಟೆಬಿಲ್ಲೆ ಆಡಿದ್ದೇನೆ. ನಮ್ಮಲ್ಲಿ ಈಗಲೂ ಅಂಗಡಿಯಲ್ಲಿ ಸಿಗುತ್ತದೆ, ಲಕ್ಷಾಂತರ ಜನ ಅದರ ಕೆಳಗೇ ಮಲಗುತ್ತಾರೆ. ಒಡೆದಾಗ, ಕೊರೆದಾಗ ಏಳುವ ಸಣ್ಣ ನಾರು ಶ್ವಾಸಕೋಶ ಸೇರಿ ವರ್ಷಗಳಾದ ಮೇಲೆ ಕ್ಯಾನ್ಸರ್ ತರಬಹುದು. ಇಲ್ಲಿ ಸ್ಕ್ರೂ ಹಾಕಿದ ಇಂಥ ಶೀಟನ್ನು 35 ಚದರ ಮೀಟರ್‌ವರೆಗೆ ಮನೆಯವರೇ ತೆಗೆಯಬಹುದು, ಮುನಿಸಿಪಾಲಿಟಿಗೆ ಮೊದಲೇ ತಿಳಿಸಬೇಕು. ನಾವು ಆ ಕೆಲಸ ಗೊತ್ತಿರುವವರ ಕೈಲೇ ತೆಗೆಸಿದೆವು. ಬಿಳಿ ಉಡುಪು, ಮುಖವಾಡ ಹಾಕಿಕೊಂಡು ಇಬ್ಬರು ಬಂದು, ಶೀಟು ಒದ್ದೆ ಮಾಡಿ, ಒಡೆಯದ ಹಾಗೆ ಇಳಿಸಿದರು. ಅವತ್ತು ಅಮ್ಮನಿಗೆ ಫೋನ್ ಮಾಡಿ ಹಿತ್ತಲ ಶೀಟು ಬದಲಾಯಿಸಿ ಅಂತ ಹಟ ಹಿಡಿದೆ. ಈಗ ಅಲ್ಲಿ ತಗಡು ಇದೆ.

ಇನ್ನು ಪಕ್ಕದವರ ಗೋಡೆ. ಅಪ್ಪನಿಗೆ ಕೊರತೆಯಾಗಿ ಕಂಡದ್ದು ಚಳಿಗಾಲದಲ್ಲಿ ದೊಡ್ಡ ಉಪಕಾರ. ಎರಡು ಪಕ್ಕದಲ್ಲೂ ಬೆಚ್ಚಗಿನ ಮನೆ ಇದೆ, ಗಾಳಿ ಮಳೆಗೆ ತೆರೆದುಕೊಂಡಿರುವುದು ಮುಂದಿನ ಗೋಡೆ, ಹಿಂದಿನ ಗೋಡೆ, ಛಾವಣಿ. ಸಾಲಿನ ಕೊನೆಯ ಮನೆಗೆ ಬೆಲೆ ಜಾಸ್ತಿ, ಮನೆ ಬೆಚ್ಚಗಿಡುವ ಗ್ಯಾಸ್ ಖರ್ಚೂ ಜಾಸ್ತಿ. ನಮ್ಮ ಮನೆಯ ಎನರ್ಜಿ ಲೇಬಲ್, ಅಂದರೆ ಮನೆ ಎಷ್ಟು ಶಕ್ತಿ ಬಳಸುತ್ತದೆ ಅನ್ನುವ ದರ್ಜೆ, ಡಿ. ಇಟ್ಟಿಗೆ ಗೋಡೆ ಎರಡು ಪದರ, ನಡುವೆ ಖಾಲಿ ಸಂದು. ಹೊರಗಿನಿಂದ ಸಣ್ಣ ತೂತು ಕೊರೆದು ಆ ಸಂದಿಗೆ ಥರ್ಮೋಕೋಲ್ ಮಣಿ ತುಂಬುತ್ತಾರೆ, ಒಂದೇ ದಿನದ ಕೆಲಸ. ಆದರೆ ಅದಕ್ಕೂ ಮುಂಚೆ ಒಂದು ಪ್ರಶ್ನೆ. ಸಂದಿಯಲ್ಲಿ ಬಾವಲಿ ಇದೆಯಾ? ಪುಟ್ಟ ಬಾವಲಿಗಳು ಇಂಥ ಗೋಡೆಯೊಳಗೆ ವಾಸ ಮಾಡುತ್ತವೆ, ಅವಕ್ಕೆ ಕಾನೂನಿನ ರಕ್ಷಣೆ ಇದೆ. 2023ರ ಆಗಸ್ಟ್‌ನಲ್ಲಿ ನ್ಯಾಯಾಲಯದ ಒಂದು ತೀರ್ಪು ಬಂದ ಮೇಲೆ, ನೋಡದೆ ಕೇಳದೆ ತುಂಬುವ ಹಾಗಿಲ್ಲ. ಆ ಪರಿಶೀಲನೆಗೆ ಕಾದು ಕಾದು ನಮ್ಮ ಒಂದು ಚಳಿಗಾಲ ಹಾಗೇ ಕಳೆಯಿತು. ನನಗೆ ಬೇಸರವೇನೂ ಆಗಲಿಲ್ಲ. ಗೋಡೆಯೊಳಗೆ ಯಾರಿದ್ದಾರೆ ಅಂತ ಕೇಳಿ ಮುಂದುವರಿಯುವ ದೇಶ ಒಳ್ಳೆಯದೇ.

ನೊಟಾರಿಸ್ ಕಚೇರಿಯಲ್ಲಿ ಪತ್ರ ಓದಿದರು. ಭಾಷೆ ಪೂರ್ತಿ ಬಾರದವರಿಗೆ ಅರ್ಥವಾಗುವ ಹಾಗೆ ಅನುವಾದಕರು ಇರಬೇಕು, ನಮಗೂ ಒಬ್ಬರು ಪಕ್ಕದಲ್ಲಿ ಕೂತು ಇಂಗ್ಲಿಷಿನಲ್ಲಿ ಹೇಳಿದರು. ಹಿಂದಿನ ಓಣಿಯಲ್ಲಿ ಎಂಟೂ ಮನೆಯವರಿಗೆ ಓಡಾಡುವ ಹಕ್ಕಿದೆ, ಯಾರೂ ಅಡ್ಡ ಇಡುವಂತಿಲ್ಲ ಅಂತ 1974ರ ಪತ್ರದಿಂದ ಸಾಲು ಸಾಲಾಗಿ ಓದಿದರು. ದುಡ್ಡೆಲ್ಲ ನೊಟಾರಿಸ್ ಖಾತೆ ಮೂಲಕವೇ ಹೋಯಿತು, ಕೈಯಿಂದ ಕೈಗೆ ಒಂದು ಪೈಸೆಯೂ ಇಲ್ಲ. ನಾವು ಕೊಟ್ಟ ಬೆಲೆ ಕಾಡಾಸ್ಟರ್‌ನಲ್ಲಿ, ಅಂದರೆ ಇಲ್ಲಿನ ಭೂದಾಖಲೆ ಕಚೇರಿಯಲ್ಲಿ ನೋಂದಾಯಿತು. ಸಣ್ಣ ಶುಲ್ಕ ಕಟ್ಟಿದರೆ ಯಾರು ಬೇಕಾದರೂ ನೋಡಬಹುದು. ಅಜ್ಜಿ ಕೈಚೀಲದಿಂದ ಬೀಗದ ಕೈ ತೆಗೆದರು. ಐದು ಇದ್ದವು. ಒಂದೊಂದನ್ನೂ ಇದು ಮುಂದಿನದು, ಇದು ಹಿಂದಿನದು, ಇದು ಶೆಡ್‌ದು ಅಂತ ಹೇಳಿ ನನ್ನ ಕೈಗೆ ಇಟ್ಟರು. ಐದನೆಯದು ಯಾವುದಕ್ಕೆ ಅಂತ ಕೇಳಿದೆ. ನನಗೂ ನೆನಪಿಲ್ಲ, ಆದರೆ ಮನೆಯದ್ದೇ ಅಂದರು. ಅದು ಈಗಲೂ ಗೊಂಚಲಲ್ಲಿದೆ.

ಮುಂದಿನ ಭಾನುವಾರ ಗೃಹಪ್ರವೇಶ. ಪುರೋಹಿತರಿಲ್ಲ, ಹೋಮ ಇಲ್ಲ. ಮಾವಿನ ಎಲೆ ಸಿಗಲಿಲ್ಲ. ಪೇರು ಮರದ ಎಲೆಗಳನ್ನು ದಾರಕ್ಕೆ ಪೋಣಿಸಿ ಬಾಗಿಲಿಗೆ ಕಟ್ಟಿದೆ. ಬಲಗಾಲಿಟ್ಟು ಒಳಗೆ ಬಂದು ಹಾಲು ಉಕ್ಕಿಸಿದೆವು. ಎಡಗಡೆ ಮನೆಯವರು ಒಂದು ಬುಟ್ಟಿ ಚೆರಿ ತಂದುಕೊಟ್ಟರು. ನಿವೃತ್ತ ಶಿಕ್ಷಕಿ. ಬಾಗಿಲಲ್ಲೇ ನಿಂತು, ಬುಧವಾರ ಮಕ್ಕಳಿಗೆ ಪಾಠ ಹೇಳಿಕೊಡುತ್ತೇನೆ, ನಿಮಗೆ ತೊಂದರೆ ಆಗುತ್ತಾ ಅಂತ ಕೇಳಿದರು. ಇಲ್ಲಿ ಬುಧವಾರ ಎಷ್ಟೋ ಪ್ರಾಥಮಿಕ ಶಾಲೆಗಳು ಮಧ್ಯಾಹ್ನಕ್ಕೇ ಬಿಡುತ್ತವೆ, ಅದಕ್ಕೆ ಆ ದಿನ.

2025ರ ಏಪ್ರಿಲ್‌ನಲ್ಲಿ ಅಪ್ಪ ಅಮ್ಮ ಬಂದರು. ಪೇರು ಮರ ಬಿಳಿ ಹೂವು ಬಿಟ್ಟಿತ್ತು. ಅಪ್ಪ ಮೊದಲ ಎರಡು ದಿನ ಮನೆಯನ್ನು ಸುಮ್ನೆ ನೋಡುತ್ತಾ ಓಡಾಡಿದರು. ಮೂರನೇ ದಿನ ಬುಧವಾರ. ಊಟ ಆಗಿತ್ತು. ಎಡಗಡೆ ಗೋಡೆಯ ಆಚೆ ಯಾವುದೋ ಮಗು ಒಂದೇ ಸಾಲನ್ನು ತಡವರಿಸುತ್ತಾ ಮತ್ತೆ ಮತ್ತೆ ನುಡಿಸುತ್ತಿತ್ತು. ನನ್ನ ಮಗಳು ಗೋಡೆಗೆ ಕಿವಿ ಕೊಟ್ಟು ಕೂತಿದ್ದಳು. ಅಪ್ಪ ಎದ್ದು ಹೋಗಿ ಅವಳ ಪಕ್ಕ ನಿಂತರು. ಅಂಗೈಯನ್ನು ಗೋಡೆಯ ಮೇಲೆ ಇಟ್ಟರು, ಕೆಳಗಿನಿಂದ ಮೇಲಕ್ಕೆ ಸವರಿದರು.

"ಮಳೆಗಾಲದಲ್ಲಿ ಈ ಗೋಡೆ ಒದ್ದೆ ಆಗುತ್ತಾ?"

"ಇಲ್ಲಪ್ಪ. ಆ ಕಡೆಯೂ ಮನೇನೇ ಇದೆ."